ಎಂಜಿನ್ ಬದಲಾಯಿಸಿದ ಹಳೆಯ ಕಾರಿಗೆ ಎಮಿಷನ್ ಸರ್ಟಿಫಿಕೇಟ್: ನನ್ನ ಅನುಭವ

ನನ್ನ 2006ರ ವ್ಯಾಗನ್ ಆರ್ ಕಾರಿನ ಎಂಜಿನ್ ವಿಪರೀತ ಆಯಿಲ್ ಕುಡಿಯಲು ಆರಂಭಿಸಿದಾಗ, ಅದರ ಸವೆದ ಸಿಲಿಂಡರ್‌ಗಳನ್ನು ಕೊರೆಸಿ ಸರಿಪಡಿಸುವುದಕ್ಕಿಂತ (ಬೋರ್ ಮಾಡಿಸುವುದಕ್ಕಿಂತ) ಅದೇ 1061 ಸಿಸಿಯ ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವುದೇ ಲೇಸೆಂದು ತೀರ್ಮಾನಿಸಿ, ಶಿವಾಜಿನಗರದಲ್ಲಿ ಬಿಲ್ ಕೊಡುವ ವ್ಯಾಪಾರಿಯೊಬ್ಬರಿಂದ ಕೊಂಡೆ. ಕೂರಿಸಿದ ಮೇಲೆ ಎಂಜಿನ್ ನಯವಾಗಿ ಓಡುತ್ತಿತ್ತು, ಪಿಕಪ್ಪೂ ಚೆನ್ನಾಗಿತ್ತು. ಆದರೂ ಪೆಟ್ರೋಲ್ ಬಂಕಿನ ತಪಾಸಣಾ ಕೇಂದ್ರದ ಯಂತ್ರ ಕಾರ್ಬನ್ ಮೊನಾಕ್ಸೈಡ್ ಶೇ 1.6 ಎಂದು ತೋರಿಸಿತು. ಬೆಂಗಳೂರಿನಲ್ಲಿ ಹೊಸ ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 3 ನಿಯಮ ಜಾರಿಯಾದದ್ದು 2005ರ ಏಪ್ರಿಲ್‌ನಲ್ಲಿ. ಹಾಗಾಗಿ ನನ್ನ ಕಾರಿಗಿರುವ ಮಿತಿ ಶೇ 0.5 ಮಾತ್ರ, ಹೈಡ್ರೋಕಾರ್ಬನ್‌ಗೆ, ಅಂದರೆ ಉರಿಯದೆ ಉಳಿದ ಪೆಟ್ರೋಲಿಗೆ, 750 ಪಿಪಿಎಂ (ಹತ್ತು ಲಕ್ಷದಲ್ಲಿ 750 ಭಾಗ).

“ಕನ್ವರ್ಟರ್ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ” ಎಂದರು ಮೆಕ್ಯಾನಿಕ್. ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಅವರು ಹೇಳಿದ್ದು. ನಾನು ಒಪ್ಪಲಿಲ್ಲ. ಹೈಡ್ರೋಕಾರ್ಬನ್ ಮಿತಿಯೊಳಗೇ ಇದ್ದುದರಿಂದ ಸ್ಪಾರ್ಕ್ ಪ್ಲಗ್ ಸರಿಯಾಗಿಯೇ ಉರಿಸುತ್ತಿದೆ, ಆದರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂಬುದು ನನ್ನ ಅಂದಾಜಾಗಿತ್ತು. ಅದಕ್ಕೆ ಕಾರಣ ಹುಡುಕದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಬೇಗನೆ ಹಾಳಾಗುತ್ತದೆ.

ಸ್ಕ್ಯಾನರ್ ಹಾಕಿಸಿದಾಗ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ 0.1ರ ಆಸುಪಾಸಿನಲ್ಲೇ ನಿಂತಿತ್ತು. ಎಂಜಿನ್ ಬಿಸಿಯಾದ ಮೇಲೆ ಅದು 0.1ರಿಂದ 0.9ರವರೆಗೆ ಏರಿಳಿಯುತ್ತಿರಬೇಕು. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ಗೆ ಸೇರುವ ಜಾಗಕ್ಕೆ ಬ್ರಷ್‌ನಿಂದ ಸೋಪು ನೀರು ಹಚ್ಚಿಸಿದೆ. ಮೂರನೆಯ ಸಿಲಿಂಡರಿನ ಕೆಳಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು, ಜೊತೆಗೆ ಟಿಕ್ ಟಿಕ್ ಎಂಬ ಸದ್ದೂ ಇತ್ತು; ಎಂಜಿನ್ ಬಿಸಿಯಾಗುತ್ತಿದ್ದಂತೆ ಲೋಹ ಹಿಗ್ಗಿ ಸದ್ದು ನಿಂತಿತು. ಎಂಜಿನ್ ಇಳಿಸುವಾಗ ಬಿಚ್ಚಿದ್ದ, ಆ ಜಾಗದ ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಲಾಗಿತ್ತು. ಆ ಸಂದಿನಿಂದ ಹೊಗೆ ಹೊರಬರುವುದಷ್ಟೇ ಅಲ್ಲ, ಹೊಗೆಯ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಪೆಟ್ರೋಲ್ ಸಾಲುತ್ತಿಲ್ಲವೆಂದು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸಿದರೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ನಡುವಿನಿಂದ ಎರಡೂ ಬದಿಗೆ ಸಮನಾಗಿ ಬಿಗಿದ ಮೇಲೆ ವೋಲ್ಟೇಜ್ ಏರಿಳಿಯತೊಡಗಿತು. ಸೆನ್ಸರ್ ಬದಲಾಯಿಸಬೇಕಾಗಲಿಲ್ಲ. ನಂತರ ಆಯಿಲ್ ಮತ್ತು ಏರ್ ಫಿಲ್ಟರ್ ಹೊಸದು ಹಾಕಿಸಿ, ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಓಡಿಸಿಕೊಂಡು ಬಂದೆ. ಕನ್ವರ್ಟರ್ ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುವುದರಿಂದ, ಎಂಜಿನ್ ಆಫ್ ಮಾಡದೆ ನೇರವಾಗಿ ಕೇಂದ್ರಕ್ಕೆ ಹೋದೆ. ಈ ಬಾರಿ ಕಾರ್ಬನ್ ಮೊನಾಕ್ಸೈಡ್ ಬಂದದ್ದು ಶೇ 0.2. ಪೈಪಿನೊಳಗೆ ಪ್ರೋಬ್ ಇಡದೆಯೇ ಸರ್ಟಿಫಿಕೇಟ್ ಕೊಡುವವರು ಸಿಗಬಹುದು. ಆದರೆ ಆ ಹೊಗೆಯನ್ನು ಕುಡಿಯುವವರು ಸಿಗ್ನಲ್‌ನಲ್ಲಿ ನಮ್ಮ ಹಿಂದೆ ನಿಂತ ಸ್ಕೂಟರ್ ಸವಾರರು.

ಎಂಜಿನ್ ನಂಬರಿನ ಕೆಲಸ ಇದರಿಂದ ಬೇರೆ. ವ್ಯಾಪಾರಿಯ ಬಿಲ್ ಜೊತೆ ಆರ್‌ಟಿಒಗೆ ಅರ್ಜಿ ಕೊಟ್ಟು, ಇನ್‌ಸ್ಪೆಕ್ಟರ್ ಕಾರನ್ನು ಪರಿಶೀಲಿಸಿದ ಮೇಲೆ ಹೊಸ ನಂಬರನ್ನು ಆರ್‌ಸಿಗೆ ಸೇರಿಸಿಕೊಂಡೆ; ವಿಮೆಯಲ್ಲೂ ತಿದ್ದಿಸಿದೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಿಸುವಾಗ ಎಂಜಿನ್ ಮೇಲಿನ ನಂಬರಿಗೂ ದಾಖಲೆಗೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.