ತೂಕ ಇಳಿಯಿತು, ಚರ್ಮ ಉಳಿಯಿತು

98 ಕಿಲೋ ಇದ್ದವಳು 64ಕ್ಕೆ ಇಳಿದೆ. ಎರಡು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಅನ್ನ ಕಡಿಮೆ ಮಾಡಿದ್ದು, ಬೆಳಗ್ಗೆ ನಡೆದದ್ದು ಎಲ್ಲ ನಿಮಗೂ ಗೊತ್ತಿರುವ ಕತೆಯೇ, ಬಿಡಿ. ಕೊಬ್ಬು ಹೋದ ಮೇಲೆ ಚರ್ಮ ಹಾಗೇ ಜೋತು ಉಳಿಯುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಾನು ಕುಂದಾಪುರದ ಕಡೆಯವಳು, ಹೊಲಿಗೆ ನನ್ನ ಕಸುಬು. ಊರವರ ಅಳತೆಯೆಲ್ಲ ತೆಗೆಯುವವಳಿಗೆ ತನ್ನ ಸೊಂಟದ ಅಳತೆಯೇ ಸಿಗದಾಯಿತು. ನಿಂತರೆ ಒಂದು, ಕೂತರೆ ಇನ್ನೊಂದು.

ಸಡಿಲ ಹೊಟ್ಟೆ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಲ್ಲಿ ಚರ್ಮ, ಕೊಬ್ಬು, ಸ್ನಾಯು ಮೂರೂ ಇರಬಹುದು, ಮೂರಕ್ಕೂ ಮದ್ದು ಬೇರೆ ಬೇರೆ. ಚಿವುಟಿ ಹಿಡಿದಾಗ ಬೆರಳ ನಡುವೆ ತೆಳ್ಳಗೆ ಸಿಕ್ಕರೆ ಅದು ಹೆಚ್ಚಿನಂಶ ಚರ್ಮ. ದಪ್ಪಗೆ, ಮೆತ್ತಗೆ ಸಿಕ್ಕರೆ ಇನ್ನೂ ಕೊಬ್ಬಿದೆ. ಸ್ನಾಯುವಿನದು ಕೈಗೆ ಹಾಗೆ ಸಿಗುವುದಿಲ್ಲ. ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ಇಳಿಯುವ ಎರಡು ಸ್ನಾಯುಪಟ್ಟಿಗಳು ಬಸುರಿನಲ್ಲಿ ಒಂದರಿಂದೊಂದು ದೂರ ಸರಿಯುತ್ತವೆ, ಕೆಲವರಲ್ಲಿ ಹೆರಿಗೆಯಾದ ಮೇಲೂ ಮತ್ತೆ ಹತ್ತಿರ ಬರುವುದಿಲ್ಲ. ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನಷ್ಟೇ ತುಸು ಎತ್ತಿ, ಹೊಕ್ಕುಳ ಹತ್ತಿರ ಬೆರಳುಗಳನ್ನು ಅಡ್ಡಕ್ಕೆ ಸೇರಿಸಿ ಒತ್ತಿ ನೋಡಬೇಕು. ಎರಡು ಬೆರಳಿಗಿಂತ ಅಗಲದ ಸಂದು ಸಿಕ್ಕರೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ನನ್ನದು ಮೂರು ದಾಟಿತ್ತು. ಎರಡು ಬಾಣಂತನದಲ್ಲೂ ಅಮ್ಮ ಹಳೆ ಸೀರೆಯಲ್ಲಿ ಹೊಟ್ಟೆ ಬಿಗಿದು ಕಟ್ಟಿದ್ದರು. ಸೊಂಟಕ್ಕೆ ಆಸರೆಯಾದದ್ದು ನಿಜ, ಸಂದು ಮಾತ್ರ ಕೂಡಲಿಲ್ಲ.

ಇನ್ನು ಚರ್ಮ. ಅದನ್ನು ಗಟ್ಟಿಯಾಗಿ ಹಿಡಿಯುವುದು ಕೊಲಾಜೆನ್, ಹಿಗ್ಗಿದ್ದನ್ನು ಹಿಂದಕ್ಕೆ ಎಳೆಯುವುದು ಎಲಾಸ್ಟಿನ್. ಈ ಎಲಾಸ್ಟಿನ್ ಬಹುಪಾಲು ಆಗುವುದು ಹುಟ್ಟುವ ಮುಂಚೆ ಮತ್ತು ಎಳವೆಯಲ್ಲಿ. ದೊಡ್ಡವರಾದ ಮೇಲೆ ಹರಿದರೆ ಹೊಸದು ಸರಿಯಾಗಿ ಆಗುವುದಿಲ್ಲ. ಎಷ್ಟು ವರ್ಷ ಹಿಗ್ಗಿತ್ತು, ಎಷ್ಟು ಕಿಲೋ ಇಳಿಯಿತು, ವಯಸ್ಸೆಷ್ಟು, ಬೀಡಿ ಸಿಗರೇಟು ಇದೆಯೇ ಎನ್ನುವುದರ ಮೇಲೆ ಉಳಿದದ್ದು ನಿಂತಿದೆ. ಮೇಲಿಂದ ಹಚ್ಚುವ ಎಣ್ಣೆ, ಕ್ರೀಮು ಚರ್ಮ ನುಣುಪು ಮಾಡಬಹುದು, ಜೋತದ್ದನ್ನು ಎತ್ತುವುದಿಲ್ಲ. ಒಳಚರ್ಮವನ್ನು ಬಿಸಿ ಮಾಡುವ ರೇಡಿಯೋ ಫ್ರೀಕ್ವೆನ್ಸಿ ಬಗ್ಗೆಯೂ ವಿಚಾರಿಸಿದೆ. ಸ್ವಲ್ಪ ಸಡಿಲ ಇದ್ದವರಿಗೆ ಸ್ವಲ್ಪ ಅನುಕೂಲ, ನಿಮ್ಮ ಹೊಟ್ಟೆಗೆ ದುಡ್ಡು ದಂಡ ಎಂದು ಚರ್ಮದ ಡಾಕ್ಟ್ರೇ ನೇರವಾಗಿ ಹೇಳಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ವ್ಯಾಯಾಮದಿಂದ ತೋಳು, ತೊಡೆ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ರಬ್ಬರ್ ಬ್ಯಾಂಡ್ ಎಳೆಯುವುದು, ಗೋಡೆಗೆ ಕೈಕೊಟ್ಟು ಪುಷ್ಅಪ್, ಬೈಠಕ್. ಚರ್ಮ ಕುಗ್ಗಿದ್ದಲ್ಲ, ಅಡಿಯ ಸ್ನಾಯು ತುಂಬಿಕೊಂಡಿತು. ಜೊತೆಗೆ ಮೊಟ್ಟೆ, ಮೀನು, ಹೆಸರುಕಾಳು. ಹೊಟ್ಟೆಯ ಸಂದು ತುಸು ಕಿರಿದಾಯಿತು, ಜೋತ ಮಡಿಕೆ ಇದ್ದಲ್ಲೇ ಇತ್ತು.

ನನ್ನನ್ನು ನಿಜಕ್ಕೂ ಕಾಡಿದ್ದು ನೋಟವಲ್ಲ, ತುರಿಕೆ. ನಮ್ಮ ಕರಾವಳಿಯ ಸೆಖೆ ಗೊತ್ತಲ್ಲ, ಮಡಿಕೆಯ ಅಡಿ ಬೆವರು ಆರುವುದೇ ಇಲ್ಲ. ಕೆಂಪಾಗಿ, ಉರಿದು, ವಾಸನೆ ಬರುತ್ತಿತ್ತು. ಮೆಡಿಕಲ್‌ನಲ್ಲಿ ಕೇಳಿದರೆ ಕೊಡುವ ಮಿಶ್ರಣದ ಕ್ರೀಮುಗಳಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸಿ, ಬೂಷ್ಟಿನ ಸೋಂಕು ಒಳಗೊಳಗೇ ಬೆಳೆಯುತ್ತದೆ, ಚರ್ಮವೂ ತೆಳ್ಳಗಾಗುತ್ತದೆ. ಡಾಕ್ಟ್ರು ಬರೆದದ್ದು ಸ್ಟಿರಾಯ್ಡ್ ಬೆರೆಸದ, ಬೂಷ್ಟಿಗೆ ಹಚ್ಚುವ ಬರೀ ಕ್ಲೋಟ್ರಿಮಜೋಲ್. ಹಳೆ ಪಂಚೆಯನ್ನು ಗೇಣಗಲ ಕತ್ತರಿಸಿ, ಎರಡು ಪದರ ಮಾಡಿ, ಅಂಚಿನ ಹೊಲಿಗೆ ಮೈಗೆ ತಾಗದಂತೆ ಹೊರಗೆ ಬಿಟ್ಟು ಪಟ್ಟಿ ಹೊಲಿದುಕೊಂಡೆ. ಮಿಂದು, ಒತ್ತಿ ಒರೆಸಿ, ಆರಿದ ಮೇಲೆ ಮಡಿಕೆಯ ಅಡಿಗೆ ಒಂದು. ಮಧ್ಯಾಹ್ನ ಬದಲಿಸಿ ಇನ್ನೊಂದು. ಮದ್ದಿನಷ್ಟೇ ಉಪಕಾರ ಆ ಪಟ್ಟಿಯಿಂದಲೂ ಆಯಿತು.

ಆದರೂ ಪ್ರತಿ ಬೇಸಿಗೆ ಮರುಕಳಿಸಿತು. ಕೊನೆಗೆ ಆಪರೇಷನ್ನಿಗೆ ಮನಸ್ಸು ಮಾಡಿದೆ. ಪ್ಲಾಸ್ಟಿಕ್ ಸರ್ಜನ್ ಮೊದಲು ಕೇಳಿದ್ದು ಮೂರು: ಇನ್ನು ಮಕ್ಕಳು ಬೇಡವೇ, ತೂಕ ಆರು ತಿಂಗಳಿಂದ ಒಂದೇ ಮಟ್ಟದಲ್ಲಿದೆಯೇ, ಹಿಮೋಗ್ಲೋಬಿನ್ ಎಷ್ಟು. ನನ್ನದು ಒಂಬತ್ತರ ಆಸುಪಾಸು. ಕಬ್ಬಿಣದ ಮಾತ್ರೆ ನುಂಗಿ ಹನ್ನೆರಡು ಮುಟ್ಟಿಸುವವರೆಗೆ ದಿನಾಂಕವನ್ನೇ ಕೊಡಲಿಲ್ಲ. ವಿಮೆಯವರು ಇದು ಸೌಂದರ್ಯದ ಲೆಕ್ಕ ಎಂದು ಕೈ ಎತ್ತಿದರು; ಚೀಟಿ ಎತ್ತಿ ಕಟ್ಟಿದೆ, ಒಂದೂವರೆ ಲಕ್ಷ ದಾಟಿತು.

ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕುವುದು ನಿಲ್ಲಿಸಿಕೊಂಡೇ, ಮಲಗಿದರೆ ಚರ್ಮ ಪಕ್ಕಕ್ಕೆ ಹರಡಿ ಲೆಕ್ಕ ತಪ್ಪುತ್ತದೆ. ನಾನು ಲಂಗ ತೆಗೆದುಕೊಂಡೇ ಹೋಗಿದ್ದೆ. ಕಟ್ಟಿ ತೋರಿಸಿ, ‘ಡಾಕ್ಟ್ರೇ, ಲಾಡಿ ಇಲ್ಲಿ ಬರ್ತದೆ, ಗಾಯ ಇದರ ಅಡಿಗಿರಲಿ, ಇಲ್ಲದಿದ್ರೆ ದಿನವಿಡೀ ಉಜ್ಜುತ್ತದೆ’ ಎಂದೆ. ಅವರು ನಕ್ಕು, ಗೆರೆಯನ್ನು ಇನ್ನೂ ಕೆಳಗೆ ಎಳೆದರು. ಸೊಂಟದ ಈ ತುದಿಯಿಂದ ಆ ತುದಿಗೆ ಸೀಳಿ, ಸ್ನಾಯು ಎಳೆದು ಕೂಡಿಸಿ ಹೊಲಿದು, ಹೆಚ್ಚಿನ ಚರ್ಮ ಕತ್ತರಿಸಿ, ಹೊಕ್ಕುಳಿಗೆ ಹೊಸ ತೂತು ಮಾಡಿದರು. ನೀರು ಇಳಿಯಲು ಎರಡು ಕಡೆ ನಳಿಕೆ. ಮೊದಲ ವಾರ ಬಗ್ಗಿಯೇ ನಡಿಗೆ; ಹಾಗಂತ ಮಲಗಿಯೇ ಇರುವಂತಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬಿಗಿ ಬೆಲ್ಟು ಆರು ವಾರ. ಕಾಲಿನಲ್ಲಿ ತುಳಿಯುವ ಮೆಷಿನ್ ಬಿಟ್ಟು ಮೋಟಾರಿನದು ಹಿಡಿದೆ.

ಹೊಲಿಗೆಯ ಎಡತುದಿಯಲ್ಲಿ ಒಂದು ಪುಟ್ಟ ಉಬ್ಬು ಉಳಿದಿದೆ. ಎರಡಂಚು ಒಂದೇ ಉದ್ದ ಇರದಿದ್ದರೆ ರವಿಕೆಯಲ್ಲೂ ತುದಿ ಹೀಗೇ ಎದ್ದು ನಿಲ್ಲುತ್ತದೆ, ಕಂಡ ಕೂಡಲೇ ಕಾರಣ ಗೊತ್ತಾಯಿತು. ಬೇಕಾದರೆ ಅಲ್ಲಿಗಷ್ಟೇ ಮರಗಟ್ಟುವ ಸೂಜಿಮದ್ದು ಕೊಟ್ಟು ಕತ್ತರಿಸಿ ತೆಗೆದುಬಿಡಬಹುದಂತೆ, ನಾನು ಬೇಡವೆಂದೆ. ಹೊಕ್ಕುಳ ಕೆಳಗೆ ಒಂದು ಕಡೆ ಈಗಲೂ ಮರಗಟ್ಟಿದೆ. ಅಲ್ಲಿ ಬಿಸಿನೀರಿನ ಚೀಲ ಇಡಬಾರದು, ಸುಟ್ಟರೂ ತಿಳಿಯದು. ತುರಿಕೆ ಮತ್ತೆ ಬಂದಿಲ್ಲ.

ತೋಳಿಗೂ ಮಾಡಬಹುದು ಎಂದರು. ಅದರ ಗಾಯ ಕಂಕುಳಿಂದ ಮೊಣಕೈವರೆಗೆ, ಮುಚ್ಚಿಡಲು ಜಾಗವಿಲ್ಲ. ದಿನವಿಡೀ ಕೈ ಎತ್ತಿ ಅಳತೆ ಹಿಡಿಯುವವಳಿಗೆ ಅದು ಬೇಡ ಅನಿಸಿತು. ರವಿಕೆಯ ತೋಳನ್ನು ಮೊಣಕೈವರೆಗೆ ಇಳಿಸಿ ಹೊಲಿದುಕೊಳ್ಳುತ್ತೇನೆ, ಅದಕ್ಕೆ ಕಾಲು ಮೀಟರ್ ಬಟ್ಟೆ ಹೆಚ್ಚು ಸಾಕು.