ವಾಷಿಂಗ್ ಮಷೀನ್ ಮೋಟಾರಲ್ಲಿ ಬಾಲ್ ಉಜ್ಜಿ ಹುಕ್ ವಾಪಸ್ ತಂದಿದ್ದು

ಹೋದ ತಿಂಗಳು ಒಂದು ಭಾನುವಾರ ಬೌಲಿಂಗಲ್ಲಿ (ಲೇನ್ ಮೇಲೆ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸೋ ಆಟ) ಮೂರು ಗೇಮ್ ಸೇರಿ 560ರ ಹತ್ರ ಹಾಕ್ದೆ. ಅದೂ ಎಲ್ರೂ ಸೇರಿ "ಸತ್ತೋಗಿದೆ ಬಿಡಿ, ಹೊಸದು ತಗೊಳ್ಳಿ" ಅಂದಿದ್ದ ಅದೇ ಬಾಲಲ್ಲಿ. ಹಂಗಂದವರಲ್ಲೇ ಇಬ್ರು ಈಗ ಫೋನ್ ಮಾಡಿ "ಅಣ್ಣಾ ನಂದೂ ಒಂಚೂರು ಉಜ್ಜಿಕೊಡಿ" ಅಂತಾರೆ, ಅದಕ್ಕೇ ಬರೀತಿದೀನಿ. ಗ್ರಿಟ್ ಅಂದ್ರೆ ಉಜ್ಜೋ ಪೇಪರಿನ ನಂಬರು, ಚಿಕ್ಕದಾದಷ್ಟೂ ಒರಟು; ಬಾಲ್ ಒರಟಿದ್ದಷ್ಟೂ ಲೇನ್ ಹಿಡ್ಕೊಂಡು ಬೇಗ ತಿರುಗುತ್ತೆ, ಆ ತಿರುವೇ ಹುಕ್. ಅಷ್ಟು ಗೊತ್ತಿದ್ರೆ ಸಾಕು.

ನಾನಿರೋದು ಹೊಸೂರು, ಸಿಪ್ಕಾಟ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಂಪ್ನಿ ಗ್ರೈಂಡಿಂಗ್ ಸೆಕ್ಷನ್. ಆಡಕ್ಕೆ ಅತ್ತಿಬೆಲೆ ದಾಟಿ ಬೆಂಗಳೂರಿಗೇ ಹೋಗ್ಬೇಕು, ಹೋಗಿ ಬರಕ್ಕೆ 80 ಕಿಲೋಮೀಟರು, ಪೆಟ್ರೋಲು ಟೋಲು ಗೇಮಿನ ದುಡ್ಡು ಎಲ್ಲ ಸೇರಿ ಒಂದು ಸಲಕ್ಕೆ ಸಾವಿರದ ಮೇಲೇ ಕೈ ಬಿಡುತ್ತೆ. ಬಾಲು 15 ಪೌಂಡಿನ ರಿಯಾಕ್ಟಿವ್ (ಲೇನ್ ಹಿಡಿದು ಜಾಸ್ತಿ ತಿರುಗೋ ಥರದ್ದು), ಸೆಕೆಂಡ್ ಹ್ಯಾಂಡು, ಒಂಬತ್ತು ಸಾವಿರ ಕೊಟ್ಟಿದ್ದೆ. ಆರು ತಿಂಗಳು ಚೆನ್ನಾಗೇ ತಿರುಗ್ತು, ಆಮೇಲೆ ರೈಲು ಹೋದಂಗೆ ನೆಟ್ಟಗೆ ಹೋಗಕ್ಕೆ ಶುರು. ಅಲ್ಲೊಬ್ರು ಸೀನಿಯರ್ರು "ಬಾಲ್ ಅಲ್ಲಪ್ಪ, ನಿನ್ನ ಮಣಿಕಟ್ಟು ಸರಿಮಾಡ್ಕೋ" ಅಂದ್ರು. ಅದೂ ಅರ್ಧ ನಿಜ ಅನ್ನಿ.

ಮೊದ್ಲು ಮಾಡಿದ್ದು ದಡ್ಡ ಕೆಲಸ. ಬಾಗಲೂರು ರೋಡಲ್ಲಿ ಕಾರ್ ಪೇಂಟರುಗಳು ತಗೊಳ್ಳೋ ವಾಟರ್ ಪೇಪರ್ 600, 1000 ಎರಡೂ ತಂದು ಕೈಯಲ್ಲೇ ಉಜ್ಜಿದೆ. ಹಿಂದೆ ಸ್ಪಾಂಜ್ ಇಲ್ದೆ ಇರೋ ಪೇಪರ್ರು ಗುಂಡಗಿರೋದರ ಮೇಲೆ ಸರಿಯಾಗಿ ಕೂರಲ್ಲ, ಗೆರೆ ಗೆರೆ. ಇನ್ನೊಂದು, ನಂಬರಿನ ಮುಂದೆ "ಪಿ" ಇದ್ಯಾ ಇಲ್ವಾ ಅಂತ ನೋಡ್ಲೇ ಇಲ್ಲ. ಪಿ ಇರೋದು, ಇಲ್ದಿರೋದು ಬೇರೆ ಬೇರೆ ಅಳತೆ; ಪಿ ಇಲ್ದಿರೋ 600 ಅಂದ್ರೆ ಹೆಚ್ಚುಕಮ್ಮಿ ಪಿ 1200ಕ್ಕೆ ಸಮ, ಅಷ್ಟು ನುಣುಪು. ಇಡೀ ದಿನ ಗ್ರೈಂಡಿಂಗ್ ವೀಲ್ ಜೊತೆ ಇರೋ ನಾನೇ ಇದನ್ನ ಮರೆತಿದ್ದೆ ಅಂದ್ರೆ ನಗ್ತೀರಾ. ಒಂದು ಹಾಳೆ ಹಿಂಗೆ, ಇನ್ನೊಂದು ಹಾಳೆ ಹಂಗೆ, ಒಂದು ತಿಂಗಳು ಬರೆದಿಟ್ಟ ಲೆಕ್ಕವೆಲ್ಲ ಕಸ.

ಆಮೇಲೆ ಬಾಲ್ ಕುಡಿದಿರೋ ಲೇನಿನ ಎಣ್ಣೆ ತೆಗೆಯೋ ಪ್ರಯೋಗ. ಪುಣ್ಯಕ್ಕೆ ಇದನ್ನ ಮೂರೂವರೆ ಸಾವಿರದ ಒಂದು ಹಳೇ ಬಾಲಲ್ಲಿ ಮಾಡಿದ್ದು. ಹಂಡೆ ನೀರು, ಸೌದೆ ಒಲೆ, ಕೈ ಇಟ್ರೆ ಬೊಬ್ಬೆ ಬರೋ ಬಿಸಿ. ಅಮ್ಮ ಬಂದು ನೋಡಿ "ಏನೋ ಇದು, ಗುಂಡಿಗೆ ದೀಪಾವಳಿ ಸ್ನಾನಾನಾ" ಅಂದ್ರು. ಎಣ್ಣೆ ಬಂತು ನಿಜ, ಜೊತೆಗೆ ಹೆಬ್ಬೆರಳ ತೂತಿನ ಪಕ್ಕ ಕೂದಲೆಳೆ ಬಿರುಕೂ ಬಂತು. ಆ ಬಾಲ್ ಈಗ ಗೇಟಿಗೆ ಅಡ್ಡ ಇಟ್ಟಿದೀನಿ. ಅದಾದ್ಮೇಲೆ ಥರ್ಮಾಮೀಟರ್ ಇಲ್ದೆ ಮಾಡಲ್ಲ. ಬಕೆಟ್ಟಲ್ಲಿ 55 ಡಿಗ್ರಿ, ತೂತುಗಳಿಗೆ ಟೇಪು, ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ, 20 ನಿಮಿಷಕ್ಕೊಂದು ಸಲ ನೀರು ಬದಲು. ಮೂರನೇ ನೀರಲ್ಲೂ ಮೇಲೆ ಹಳದಿ ಹನಿ ತೇಲ್ತಿತ್ತು.

ಉಜ್ಜಕ್ಕೆ ಬಾಲ್ ತಿರುಗಿಸೋ ಸ್ಪಿನ್ನರ್ ಮಷೀನ್ ಹೊರಗಿಂದ ತರಿಸಿದ್ರೆ ಬಾಲಿಗಿಂತ ಜಾಸ್ತಿ ಬೀಳುತ್ತೆ. ರಾಯಕೋಟೆ ರೋಡಿನ ಗುಜರಿಯಲ್ಲಿ ಸೆಮಿ ಆಟೋಮ್ಯಾಟಿಕ್ ಮಷೀನಿನ ಮೋಟಾರು ಸಿಕ್ತು, ಐನೂರೋ ಆರ್ನೂರೋ. ಮೇಲೆ ನಾಲ್ಕಿಂಚಿನ ಪಿವಿಸಿ ಕಪ್ಲರು, ಅಂಚಿಗೆ ಸೈಕಲ್ ಟ್ಯೂಬ್. ನೇರ ಕೊಟ್ಟು ಸ್ವಿಚ್ ಹಾಕಿದ್ದೇ ತಡ ಬಾಲ್ ಎದ್ದು ಹೋಗಿ ತುಳಸಿಕಟ್ಟೆ ಮೂಲೆ ಕಿತ್ತುಹಾಕ್ತು. ಅದರ ಸಿಮೆಂಟ್ ಖರ್ಚೂ ಇದೇ ಲೆಕ್ಕಕ್ಕೆ ಸೇರಿಸಿ. ಆಮೇಲೆ ಭಾವ ಒಂದು ಫ್ರೇಮ್ ವೆಲ್ಡ್ ಮಾಡಿಕೊಟ್ರು, ಬೆಲ್ಟು ಪುಲ್ಲಿ ಹಾಕಿ ಸ್ಪೀಡು 500 ಆರ್‌ಪಿಎಮ್ ಹತ್ರ ಇಳಿಸಿದ್ಮೇಲೆ ನೆಟ್ಟಗೆ ನಿಂತ್ಕೊಂತು. ಒಟ್ಟು ಎರಡೂವರೆ ಸಾವಿರ ಇರಬಹುದು. ಅಬ್ರಲಾನ್ ಪ್ಯಾಡು (ಹಿಂದೆ ಸ್ಪಾಂಜ್ ಇರೋ ಉಜ್ಜೋ ಬಿಲ್ಲೆ) 500, 1000, 2000, 4000 ದುಬೈಯಿಂದ ಬರೋ ಫ್ರೆಂಡ್ ಕೈಲಿ ತರಿಸಿದೆ, ಅದೊಂದು ಎರಡು ಸಾವಿರ.

ಇಷ್ಟೆಲ್ಲ ಆದ್ಮೇಲೂ ಒಂದು ವಾರ ಸೂಪರ್ರು, ಮುಂದಿನ ವಾರ ಮತ್ತೆ ರೈಲು. ತಲೆ ಕೆಟ್ಟೋಯ್ತು. ಕೊನೆಗೆ ನೈಟ್ ಶಿಫ್ಟಲ್ಲಿ ಬಾಲನ್ನ ಬ್ಯಾಗಲ್ಲಿ ಒಳಗೆ ತಗೊಂಡೋಗಿ, ಕ್ಯೂಸಿ (ಕ್ವಾಲಿಟಿ ಚೆಕ್) ಹುಡುಗನಿಗೆ ಬಿರಿಯಾನಿ ಕೊಡಿಸ್ತೀನಿ ಅಂತೇಳಿ ರಫ್‌ನೆಸ್ ಟೆಸ್ಟರ್ ಸೂಜಿ ಇಡಿಸಿದೆ. ನೆನಪಿರೋ ಹಂಗೆ 500 ಪ್ಯಾಡಲ್ಲಿ ಆರ್‌ಎ (ಒರಟುತನದ ಸರಾಸರಿ) 0.8 ಮೈಕ್ರಾನ್, 2000ದಲ್ಲಿ 0.4ರ ಆಸುಪಾಸು. ಆರು ಗೇಮ್ ಆಡ್ಕೊಂಡು ಬಂದು ಅದೇ 500ರ ಬಾಲ್ ಮತ್ತೆ ಇಟ್ಟರೆ 0.45! ನಾನು 500 ಅಂದ್ಕೊಂಡು ಎಸೀತಿದ್ದಿದ್ದು ಹೆಚ್ಚುಕಮ್ಮಿ 2000ದ ಬಾಲು. ಲೇನೇ ಅದನ್ನ ನುಣ್ಣಗೆ ಉಜ್ಜಿಬಿಡುತ್ತೆ, ನಾವು ಕೈ ಬಯ್ಕೊಂಡು ಕೂತಿರ್ತೀವಿ. ಆ ಬಿರಿಯಾನಿಯಷ್ಟು ಲಾಭದ ಖರ್ಚು ಇನ್ನೊಂದಿಲ್ಲ.

ಈಗ ಐದು ಗೇಮಿಗೊಂದು ಸಲ ಕಡ್ಡಾಯವಾಗಿ ಮತ್ತೆ 500ಕ್ಕೆ ಹೋಗಿ ಅಲ್ಲಿಂದ ಮೇಲೆ ಬರ್ತೀನಿ, ಬರೀ 2000 ಎಳೆದು ಬಿಟ್ರೆ ಅದು ಬೇರೆ ಥರಾನೇ ಓಡುತ್ತೆ. ನಾಲ್ಕು ಕಡೆ ತಿರುಗಿಸಿ, ಒಂದು ಕಡೆಗೆ 40 ಸೆಕೆಂಡು, ನೀರು ಧಾರಾಳ, ಬೆರಳ ಭಾರ ಮಾತ್ರ. 500 ಆದ್ಮೇಲೆ 2000 ಎಷ್ಟು ಹೊತ್ತು, ಕೊನೇ ಸುತ್ತಿನ ನೀರಿಗೆ ಏನು ಬೆರೆಸ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ. ಟೂರ್ನಮೆಂಟ್ ಇದ್ರೆ ಇದೆಲ್ಲ ಮನೇಲೇ ಮುಗಿಸಿ ಹೋಗಿ, ಶುರುವಾದ್ಮೇಲೆ ಉಜ್ಜೋ ಹಂಗಿಲ್ಲ.

ಮಧ್ಯೆ ಕಾರಿನ ವ್ಯಾಕ್ಸ್ ಪಾಲಿಶೂ ಹಾಕಿ ನೋಡ್ದೆ, ಕನ್ನಡಿ ಥರ ಹೊಳೀತು, ಲೇನಲ್ಲಿ ಸೋಪಿನ ಥರ ಜಾರ್ತು, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ ಒರೆಸಿ ಸಾಕಾಯ್ತು. ಸ್ಪೇರಿಗೆ (ಮೊದಲ ಎಸೆತದಲ್ಲಿ ಉಳಿದ ಪಿನ್ ಬೀಳಿಸಕ್ಕೆ) ಇಟ್ಕೊಂಡಿರೋ ಪ್ಲಾಸ್ಟಿಕ್ ಬಾಲನ್ನೂ ಸುಮ್ನಿರಲಾರದೆ 500ಲ್ಲಿ ಉಜ್ಜಿದ್ದೆ, ನೆಟ್ಟಗೆ ಹೋಗಬೇಕಾದ್ದು ಕೊನೇಲಿ ಒಂಚೂರು ವಾಲಕ್ಕೆ ಶುರುಮಾಡಿ ಸಾಲಾಗಿ ಮೂರು ಸಲ ಟೆನ್ ಪಿನ್ (ಬಲ ಮೂಲೆಯ ಪಿನ್) ಬೀಳಿಸದೆ ಬಿಟ್ಟೆ. ಅವತ್ತೇ ಬಂದು ಅದನ್ನ ಮತ್ತೆ ಪಾಲಿಶ್ ಮಾಡ್ದೆ.

ಆವರೇಜ್ 140ರಲ್ಲಿದ್ದಿದ್ದು ಈಗ 170ರ ಸುತ್ತ ಇದೆ. ಫೋನ್ ಮಾಡಿದ ಇಬ್ಬರಲ್ಲಿ ಒಬ್ಬರ ಬಾಲು ಈಗ ಬಕೆಟ್ ಪಕ್ಕ ಇದೆ, ನೀರು ಇನ್ನೂ 61 ತೋರಿಸ್ತಿದೆ, ಇಳೀಲಿ ಅಂತ ಕಾಯ್ತಾ ಇದನ್ನ ಟೈಪ್ ಮಾಡ್ತಿದೀನಿ.