ಕಾಯಿಹಾಲಿನ ಅಕ್ಕಿ ಪಾಯಸ: ಬೆಲ್ಲ ಹಾಕುವ ಹೊತ್ತು

ದಕ್ಷಿಣ ಕನ್ನಡದ ನಮ್ಮ ಮನೆಯಲ್ಲಿ ಚೌತಿಗೂ ಹೊಸಕ್ಕಿ ಊಟಕ್ಕೂ ಅಕ್ಕಿ ಪಾಯಸ ಮಾಡುವ ಕೆಲಸ ಹಲವು ವರ್ಷಗಳಿಂದ ನನ್ನದೇ ಆಗಿದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಏಲಕ್ಕಿ ಇಷ್ಟೇ ಸಾಮಗ್ರಿಯ ಈ ಅಡುಗೆಯಲ್ಲಿ ರುಚಿ ಕೆಡುವುದು ಅಳತೆ ತಪ್ಪಿದಾಗ ಕಡಿಮೆ, ಯಾವುದನ್ನು ಯಾವಾಗ ಹಾಕಬೇಕೆಂಬ ಕ್ರಮ ತಪ್ಪಿದಾಗ ಹೆಚ್ಚು ಎಂಬುದು ನಾನು ಕಂಡುಕೊಂಡದ್ದು. ಅದರಲ್ಲಿಯೂ ಬೆಲ್ಲ ಹಾಕುವ ಹೊತ್ತು ಎಲ್ಲಕ್ಕಿಂತ ಮುಖ್ಯ.

ಎಂಟು ಹತ್ತು ಮಂದಿಯ ಊಟಕ್ಕೆ 150 ಗ್ರಾಂ ಬೆಳ್ತಿಗೆ ಅಕ್ಕಿ (ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿ), ಸುಮಾರು 300 ಗ್ರಾಂ ಬೆಲ್ಲ ಮತ್ತು ಚೆನ್ನಾಗಿ ಬಲಿತ ಎರಡು ತೆಂಗಿನಕಾಯಿ ತೆಗೆದುಕೊಳ್ಳುತ್ತೇನೆ. ಕುಚ್ಚಲಕ್ಕಿಯ ಅಗುಳು ಎಷ್ಟು ಬೆಂದರೂ ಬಿಡಿಬಿಡಿಯಾಗಿಯೇ ಉಳಿದು ಹಾಲಿನೊಡನೆ ಬೆರೆಯುವುದಿಲ್ಲವಾದ್ದರಿಂದ ಅದನ್ನು ಊಟಕ್ಕೇ ಮೀಸಲಿಡುತ್ತೇನೆ. ಹೊಸಕ್ಕಿಯಾದರೆ ನೀರು ಕಡಿಮೆ ಸಾಕು, ಬೇಗ ಅಂಟಾಗುತ್ತದೆ. ಪಾಯಸಕ್ಕೆ ಆ ಅಂಟೇ ಬೇಕು. ಅಕ್ಕಿಯನ್ನು ತೊಳೆದು ಅರ್ಧ ಗಂಟೆ ನೆನೆಸಿಡುತ್ತೇನೆ.

ಕಾಯಿತುರಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಜಾಳುಬಟ್ಟೆಯಲ್ಲಿ ಹಿಂಡಿದಾಗ ಬರುವ ದಪ್ಪ ಹಾಲನ್ನು ಬೇರೆ ಪಾತ್ರೆಯಲ್ಲಿ ಮುಚ್ಚಿಡಬೇಕು. ಅದೇ ಚರಟಕ್ಕೆ ಮತ್ತೆ ಎರಡು ಸಲ ನೀರು ಸೇರಿಸಿ ರುಬ್ಬಿ ಹಿಂಡಿ, ಒಂದೂಕಾಲು ಲೀಟರಿನಷ್ಟು ತೆಳು ಹಾಲನ್ನು ಒಟ್ಟು ಮಾಡುತ್ತೇನೆ. ಅಕ್ಕಿ ಬೇಯುವುದು ಈ ತೆಳು ಹಾಲಿನಲ್ಲಿ. ಬರಿಯ ನೀರಿನಲ್ಲಿ ಅನ್ನ ಮಾಡಿ ಕೊನೆಗೆ ಹಾಲು ಬೆರೆಸುವವರೂ ಇದ್ದಾರೆ. ಹಾಗೆ ಮಾಡಿದರೆ ಅಗುಳಿನ ಒಳಗೆ ಕಾಯಿಯ ರುಚಿ ಹೋಗದೆ, ಅನ್ನವೂ ಹಾಲೂ ಬೇರೆ ಬೇರೆಯಾಗಿಯೇ ಬಾಯಿಗೆ ಸಿಗುತ್ತವೆ.

ಬೆಲ್ಲದ ಆಯ್ಕೆಯಲ್ಲಿ ನನಗೆ ಸ್ವಲ್ಪ ಹಟವಿದೆ. ಅಂಗಡಿಯಲ್ಲಿ ಹೊಳೆಯುವ ತಿಳಿ ಹಳದಿ ಅಚ್ಚುಗಳು ಕಣ್ಣಿಗೆ ಚಂದವೇನೋ ನಿಜ, ಆದರೆ ಆ ಬಣ್ಣ ಬಹುಮಟ್ಟಿಗೆ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕದಿಂದ ಬಂದದ್ದು. ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಕಸ ತೆಗೆದು ಕಾಯಿಸಿದ ಕಂದು ಬೆಲ್ಲ ಸಿಕ್ಕರೆ ಅದನ್ನೇ ಕೊಳ್ಳುತ್ತೇನೆ. ಮಲೆನಾಡಿನ ಜೋನಿ ಬೆಲ್ಲ, ಅಂದರೆ ಅಚ್ಚಿಗೆ ಹಾಕದ ನೀರುಬೆಲ್ಲ, ಸಿಕ್ಕರಂತೂ ಪಾಯಸಕ್ಕೆ ಒಂದು ಬಗೆಯ ಸುಟ್ಟ ಕಬ್ಬಿನ ಪರಿಮಳವೇ ಬರುತ್ತದೆ. ಯಾವ ಬೆಲ್ಲವೇ ಆಗಲಿ, ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸೋಸದೆ ಹಾಕುವುದಿಲ್ಲ, ಏಕೆಂದರೆ ತಳದಲ್ಲಿ ಉಳಿಯುವ ಮರಳೂ ಕಬ್ಬಿನ ನಾರೂ ಒಂದು ತುತ್ತಿನಲ್ಲಿ ಸಿಕ್ಕರೂ ಸಾಕು, ಅಷ್ಟು ಹೊತ್ತಿನ ಶ್ರಮ ವ್ಯರ್ಥ.

ಈ ಬೆಲ್ಲದ ನೀರು ಪಾತ್ರೆಗೆ ಬೀಳಬೇಕಾದದ್ದು ಅಕ್ಕಿ ಪೂರ್ತಿ ಬೆಂದ ಮೇಲೆ. ಸಿಹಿಯು ನೀರನ್ನು ತನ್ನತ್ತ ಹಿಡಿದಿಟ್ಟುಕೊಳ್ಳುವುದರಿಂದ, ಬೆಲ್ಲ ಬಿದ್ದ ಬಳಿಕ ಅರೆಬೆಂದ ಅಕ್ಕಿ ಎಷ್ಟು ಕುದಿಸಿದರೂ ಸುಲಭವಾಗಿ ಮೆತ್ತಗಾಗದು. ಆದ್ದರಿಂದ ಅಗುಳನ್ನು ಬೆರಳುಗಳ ನಡುವೆ ಹಿಸುಕಿ, ಒಳಗೆ ಗಟ್ಟಿ ಕಣ ಸಿಗದಷ್ಟು ಬೆಂದಿದೆಯೆಂದು ಖಚಿತಪಡಿಸಿಕೊಂಡು, ಸೌಟಿನ ಹಿಂಬದಿಯಿಂದ ಒಂದಿಷ್ಟು ಅಗುಳನ್ನು ಮಸೆದು, ಅನಂತರವೇ ಬೆಲ್ಲ ಹಾಕುತ್ತೇನೆ. ಬೆಲ್ಲ ಸೇರಿದೊಡನೆ ಪಾಯಸ ನೀರಾದಂತೆ ಕಾಣುತ್ತದೆ. ಗಾಬರಿಯಾಗಬೇಕಿಲ್ಲ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿದಾಗ ಹಸಿ ಬೆಲ್ಲದ ವಾಸನೆ ಹೋಗಿ ಮತ್ತೆ ಮಂದವಾಗುತ್ತದೆ. ತಳ ಹಿಡಿಯುವ ಭಯವಿರುವುದು ಈ ಹೊತ್ತಿನಲ್ಲಿಯೇ, ಸೌಟು ಕೈಬಿಡಬಾರದು.

ದಪ್ಪ ಹಾಲು ಕೊನೆಯದು. ಅದು ಜೋರಾಗಿ ಕುದಿದರೆ ಒಡೆದು ಎಣ್ಣೆ ಮೇಲೆ ತೇಲುವುದರಿಂದ, ಉರಿಯನ್ನು ತೀರ ತಗ್ಗಿಸಿ, ಹಾಲು ಸುರಿದು, ಅಂಚಿನಲ್ಲಿ ಗುಳ್ಳೆ ಕಾಣಿಸಿದ ಕೂಡಲೇ ಇಳಿಸುತ್ತೇನೆ. ಕಂಚಿನ ಉರುಳಿಯಾದರೆ ಅದಕ್ಕೂ ಮೊದಲೇ ಒಲೆ ಆರಿಸಬೇಕು, ಪಾತ್ರೆಯ ಕಾವು ಬಹಳ ಹೊತ್ತು ಇರುತ್ತದೆ. ಚಿಟಿಕೆ ಉಪ್ಪು, ಏಲಕ್ಕಿ ಪುಡಿ, ಒಂದು ಚಮಚ ಹುರಿದ ಎಳ್ಳು ಹಾಕಿದರೆ ನನ್ನ ಮಟ್ಟಿಗೆ ಮುಗಿಯಿತು. ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ ಮನೆಮಂದಿಯ ಒತ್ತಾಯಕ್ಕೆ ಹಾಕುವುದುಂಟು, ಆದರೆ ಕಾಯಿಹಾಲಿನ ಪಾಯಸಕ್ಕೆ ತುಪ್ಪದ ಪರಿಮಳ ಒಗ್ಗುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಆರುತ್ತ ಬಂದಂತೆ ಪಾಯಸ ದಪ್ಪವಾಗುವುದರಿಂದ ಇಳಿಸುವಾಗ ತುಸು ತೆಳ್ಳಗೇ ಇರಬೇಕು. ಬಾಳೆಲೆಯ ಮೇಲೆ ಬಡಿಸುವುದಾದರೆ ಮಾತ್ರ ಹರಿದು ಹೋಗದಷ್ಟು ಮಂದವಾಗಿರಲಿ. ಕಾಯಿಹಾಲು ಬೇಗ ಹಳಸುವ ಕಾರಣ ಸೆಕೆಗಾಲದಲ್ಲಿ ಇದು ಹೊರಗಿಟ್ಟರೆ ಸಂಜೆಯವರೆಗೆ ನಿಲ್ಲುವುದೂ ಕಷ್ಟ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಪಾತ್ರೆಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ, ನೇರವಾಗಿ ಒಲೆಗೆ ಇಡುವುದಿಲ್ಲ.